ಕಂಡಕ್ಟರ್ ಕಟ್ಟಿದ ಎಮ್ಮಿ

ನೌಕರಿಯಿಂದ ಮನಿಷ್ಯಾ ರಿಟೈರ್ ಆಗ್ತಾನ, ಆದ್ರ ಅವನ ಫಜೀತಿಗೋಳು ರಿಟೈರ್ ಆಗೂದಿಲ್ರಿ. ನಾ ಬಸ್ ಕಂಡಕ್ಟರ್ ಆಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಅಂತ ತಿರುಗಿ ತಿರುಗಿ ಚಪ್ಪಲಿ ಸವಿಸಿದಾವ. ಆಗ ದಿನಕ್ಕೊಂದು ನಗೂ ಪ್ರಸಂಗ ತಾನ ಬಸ್ ಹತ್ತಿ ಬರ್ತಿತ್ತು. ಸದಲಗಾದ ಮನ್ಯಾಗ ಬಂದು ಕುಂತ ಮ್ಯಾಲ ಇನ್ನ ಅದೆಲ್ಲಾ ಮುಗೀತು ಅನ್ಕೊಂಡಿದ್ನಿ. ಎಲ್ಲಿ ಮುಗೀತೈತಿ? ನಾಕ ಕಾಲ ಮ್ಯಾಲ ನಡಕೊಂತ ಮನೀಗೇ ಬಂತು.

೧. ಏನ ಕಟ್ಟೂದು?

ರಿಟೈರ್ ಆದ ಹೊಸದಾಗಿ ನಾ ಸುಮ್ನ ಕೂಡ್ರಲಿಲ್ಲ, ಅದ ತಪ್ಪಾತು. ಅಡಗಿ ಮನಿ ಹೊಕ್ಕು ಡಬ್ಬಿ ಎಲ್ಲಾ ಎತ್ತರದ ಪ್ರಕಾರ ಸಾಲಾಗಿ ನಿಂದ್ರಿಸಿದ್ನಿ. ಉಪ್ಪು ಇರೂ ಜಾಗಾದಾಗ ಸೋಡಾ ಬಂತು. ಅವತ್ತಿನ ಸಾರು ಉಂಡ ಮ್ಯಾಲ ನಮ್ಮ ಮನಿಯಾಕಿ ಇಚಲಕರಂಜಿಯೊಳಗಿನ ಮಗಳಿಗೆ ಫೋನ್ ಹಚ್ಚಿದ್ಲು. ಅಳಿಯಾರದು ಅಲ್ಲಿ ಸೀರಿ ಅಂಗಡಿ. ಅವರು ಭಾಳ ಮರ್ಯಾದಿಲೆ, ಮಾವಾರು ಇಲ್ಲಿಗೇ ಬಂದು ಗಲ್ಲಾದ ಮ್ಯಾಲ ಕೂಡ್ರಲಿ, ಹೊತ್ತು ಹೋಗ್ತೈತಿ ಅಂದ್ರಂತ.

ಅಳಿಯ ಬಂಗಾರದಂಥಾ ಮನಿಷ್ಯಾ, ಅದರಾಗ ಎರಡು ಮಾತಿಲ್ಲ. ಆದ್ರ ಅಳಿಯನ ಮನ್ಯಾಗ ಮಾವ ಬಂದ ದಿನ ಬೀಗ, ಮರುದಿನ ಆಳು. ನಾ ಅಲ್ಲಿಗೆ ಹೋಗಾವಲ್ಲ, ಇಲ್ಲೇ ದನಾ ಕಟ್ಟಿ ವ್ಯವಹಾರ ಮಾಡ್ತೀನಿ ಅಂತ ಅವಸರದಾಗ ಅಂದಬಿಟ್ನಿ. ಅಂದ ಮ್ಯಾಲ ನನಗ ಹುರುಪು ಬಂತು.

ಸುದ್ದಿ ಓಣಿ ತುಂಬ ಆತು. ಕ್ಷೌರದಾವ ಆಡು ಕಟ್ರಿ ಅಂದ. ಬಾಜೂ ಹೊಲದ ಕಬ್ಬಿನ ಗೌಡರು ಖಿಲ್ಲಾರಿ ಹೋರಿ ಕಟ್ಟು, ಶರ್ಯತ್ತಿಗೆ ಓಡಿಸೋಣ ಅಂದ್ರು. ಗೌಡ್ರ, ಬಸ್ ಹೊಂಟ ಮ್ಯಾಲ ಓಡಿ ಹತ್ತೂದು ಬಿಟ್ರ ನನ್ನ ಮೊಣಕಾಲಿಗೆ ಬ್ಯಾರೆ ಓಟ ಗೊತ್ತಿಲ್ಲ ಅಂದ್ನಿ. ದನದ ಡಾಕ್ಟರು ಎಚ್ಚೆಫ್ ಅನ್ನೂ ಸೀಮಿ ಆಕಳಾ ಕಟ್ರಿ, ಹಾಲಿನ ಹೊಳಿ ಹರೀತೈತಿ, ಆದ್ರ ಬ್ಯಾಸಗ್ಯಾಗ ಅದಕ್ಕ ಫ್ಯಾನ್ ಬೇಕು ಅಂದ್ರು. ನಮ್ಮ ಮನ್ಯಾಗ ಇದ್ದದ್ದ ಒಂದ ಫ್ಯಾನು. ಅದನ್ನ ಕೇಳಿ ಮನಿಯಾಕಿ, ಫ್ಯಾನ್ ಬೇಕಂದ್ರ ನೀವೂ ದನದ ಜೋಡಿ ಗ್ವಾದ್ಲ್ಯಾಗ ಮಲಗ್ರಿ ಅಂತ ಹಾಸಿಗಿ ಸುತ್ತಿ ಕೈಯಾಗ ಕೊಟ್ಲು.

ಕಡೀಕ ಎಮ್ಮಿ ಅಂತ ಠರಾವ್ ಮಾಡಿದ್ನಿ. ಯಾಕಂದ್ರ ಎಮ್ಮಿ ನನ್ನಂಗ, ಇಡೀ ಜೀವಮಾನ ನಿಂತಕೊಂಡ ದುಡೀತೈತಿ. ಮನಿಯಾಕಿ ಸೊಂಟದ ಮ್ಯಾಲ ಕೈ ಇಟ್ಟು ಕರಾರು ಹಾಕಿದ್ಲು. ನಮ್ಮ ಕಡೆ ದೀಪಾವಳಿ ಪಾಡ್ಯದ ದಿನ ಎಮ್ಮಿ ಸಿಂಗಾರ ಮಾಡಿ, ಮಾಲಕ ಮೋಟರ್ ಸೈಕಲ್ ಮ್ಯಾಲ ಮುಂದ ಓಡಿದ್ರ ಎಮ್ಮಿ ಅವನ ಹಿಂದ ಓಡಿ ಬರಬೇಕು. ಹಗ್ಗ ಹಿಡಿಯೂ ಹಂಗಿಲ್ಲ, ಪ್ರೀತಿಗೆ ಬರಬೇಕು.

"ನೋಡ್ರಿ, ನಾ ಅದರ ಹಗ್ಗಾನೂ ಮುಟ್ಟಾಕಿ ಅಲ್ಲ," ಅಂದ್ಲು. "ಪಾಡ್ಯದ ದಿನ ಎಮ್ಮಿ ನಿಮ್ಮ ಹಿಂದ ಓಡಿ ಬಂದ್ರ ಇರ್ಲಿ. ಬರಲಿಲ್ಲಂದ್ರ ಎಮ್ಮಿ ಬಾಜಾರಕ್ಕ, ನೀವು ಇಚಲಕರಂಜಿಗೆ."

ಹೂಂ ಅಂದ್ನಿ. ಪ್ರಪಂಚದಾಗ ಎಂತೆಂಥಾ ಪ್ಯಾಸೆಂಜರ್‌ನ ಸಂಭಾಳಿಸೀನಿ, ಒಂದ ಎಮ್ಮಿ ಏನ ದೊಡ್ಡದು ಅಂತ ನನ್ನ ಧಿಮಾಕು.

೨. ಟಾವೆಲ್ಲಿನ ಕೆಳಗ

ಕಾಗವಾಡದಾಚೆ ದನದ ಬಾಜಾರಕ್ಕ ಹೋದ್ನಿ. ನೂರಾರು ಕೋಡು, ಅದರ ನಡಕ ನನ್ನದೊಂದು ಟೊಪಗಿ. ಉದ್ದ ಕೋಡಿನ ಒಂದು ಎಮ್ಮಿ, ಬಾಜೂಕ ಮುದ್ದಾದ ಕರ. ನೋಡಿದ ಕೂಡ್ಲೆ ಮನಸ್ಸು ಕುಣೀತು. ಮಾಲಕರು ಮರಾಠಿ ಮಾತಾಡೂ ಗಂಡ ಹೆಂಡತಿ. ಎಮ್ಮಿ ಹೆಸರು ಚಂದ್ರಾ ಅಂದ್ರು.

ಅಲ್ಲಿ ರೇಟು ಬಾಯಿಲೆ ಹೇಳೂ ಪದ್ಧತಿ ಇಲ್ಲ. ದಲಾಲ ಕೈ ಮ್ಯಾಲ ಟಾವೆಲ್ ಹಾಕ್ತಾನ, ಅದರ ಕೆಳಗ ನಮ್ಮ ಬೆರಳು ಹಿಡದು ಒತ್ತತಾನ. ಎಷ್ಟು ಬೆರಳು ಬಿಚ್ಚತೀವೋ ಅಷ್ಟು ರೇಟು ಏರ್ತೈತಿ. ಗೌಡರು ಮೊದಲ ಹೇಳಿ ಕಳಿಸಿದ್ರು, ಮುಷ್ಟಿ ಬಿಗಿ ಹಿಡಿ, ಒಂದೊಂದ ಬೆರಳು ಬಿಚ್ಚು ಅಂತ.

ಬಿಗಿಯಾಗೇ ಹಿಡದಿದ್ನಿ. ಆದ್ರ ದಲಾಲ ನನ್ನ ಬೆರಳು ಮುಟ್ಟಿದ್ನೋ ಇಲ್ಲೋ, ಐದೂ ಬೆರಳು ತಾವ ಬಿಚ್ಚಿಕೊಂಡ್ವು. ಜನ್ಮಾ ಎಲ್ಲಾ ಬೆರಳಿನ ಸಂದಿನ್ಯಾಗ ನೋಟು ಮಡಚಿ ಸಿಗಸಿದ ಕೈ ಅದು. ಯಾರರೆ ಕೈಯಾಗ ಕೈ ಇಟ್ರ ನೋಟ ಕೊಡಾಕತ್ತಾರ ಅಂತ ತಿಳಕೊಂಡು ಜಾಗಾ ಮಾಡಿಕೊಡ್ತೈತಿ. ದಲಾಲನ ಮಾರಿ ಅರಳಿತು. ಟಾವೆಲ್ ಜಾಡಿಸಿ, ವ್ಯವಹಾರ ಆತು ಅಂತ ನನ್ನ ಬೆನ್ನಿಗೆ ಗುದ್ದಿದ. ಮಾಲಕನ ಹೆಂಡತಿ ನನ್ನ ಕಾಲ ಮುಟ್ಟಿ ನಮಸ್ಕಾರ ಮಾಡಿದ್ಲು.

ಮನಿಗೆ ಬರೂ ತನಕ ಒಂದ ಚಿಂತಿ, ಮನಿಯಾಕಿ ರೇಟು ಕೇಳಿದ್ರ ಏನ ಹೇಳೂದು? ಆಕಿ ಕೇಳಲೇ ಇಲ್ಲ. ನನ್ನ ಮಾರಿ ಒಮ್ಮಿ, ಎಮ್ಮಿ ಮಾರಿ ಒಮ್ಮಿ ನೋಡಿ, "ಇಬ್ಬರಾಗ ಶಾಣ್ಯಾ ಯಾರು ಅನ್ನೂದು ಗೊತ್ತಾತು" ಅಂತ ಒಳಗ ಹೋದ್ಲು.

೩. ಚಂದ್ರಾನ ಮರಾಠಿ

ಮರುದಿನ ಮುಂಜಾನೆ ಬಕೇಟ ಹಿಡದು ಕುಂತ್ನಿ. ಬಾರವ್ವಾ, ನಿಂದ್ರವ್ವಾ ಅಂದ್ನಿ. ಕನ್ನಡ ಅದರ ಕಿವಿಗೇ ಹೋಗಲಿಲ್ಲ. ಕೆಚ್ಚಲಿಗೆ ಕೈ ಹಚ್ಚಿದ್ರ ಕಾಲ ಝಾಡಿಸ್ತಿತ್ತು. ಆವಾಗ ಹೊಳೀತು, ಇದು ಹುಟ್ಟಿ ಬೆಳದದ್ದು ಮರಾಠಿ ಮನ್ಯಾಗ.

ಮರಾಠಿ ನನಗೇನ ಬ್ಯಾರೆ ಅಲ್ಲ, ನಮ್ಮ ಕಡೆ ತೊಟ್ಟಿಲದಾಗ ಎರಡೂ ಕಲಿತೀವಿ. ಆದ್ರ ಒದಿಯೂ ಎಮ್ಮಿ ಮುಂದ ಕುಂತಾಗ ಜೀವದ ಭಯಕ್ಕ ಒಂದೂ ಮಾತು ನೆನಪಾಗವಲ್ದು. ಬಾಯಿಗೆ ಬಂದದ್ದು ಬಸ್ಸಿನ್ಯಾಗ ರೂಢಿ ಬಿದ್ದ ಒಂದ ಮಾತು. "ಪುಢೆ ಸರಕಾ, ಪುಢೆ ಸರಕಾ," ಅಂದ್ನಿ. ಅಂದ್ರ ಮುಂದ ಸರೀರಿ.

ನಲವತ್ತ ಮಂದಿ ಪ್ಯಾಸೆಂಜರ್‌ನ್ಯಾಗ ಒಬ್ಬರೂ ಒಂದ ಸಲಕ್ಕ ಕೇಳದ ಮಾತನ್ನ ಚಂದ್ರಾ ತಕ್ಷಣ ಕೇಳಿದ್ಲು. ಗಂಭೀರವಾಗಿ ಮುಂದ ಸರದ್ಲು. ಹಿಂದಿನ ಕಾಲ ಬಡದು ಬಕೇಟ ಉಳ್ಳಾಡಿತು, ಹ್ಯಾಂಗೋ ಹಿಂಡಿದ್ದ ಒಂದಿಷ್ಟು ಹಾಲೂ ನೆಲದ ಪಾಲಾತು. ನನಗ ಮಾತ್ರ ಕಣ್ಣಾಗ ನೀರ ಬಂತು. ಸರ್ವಿಸಿನ್ಯಾಗ ನನ್ನ ಮಾತಿಗೆ ಅಷ್ಟು ಮರ್ಯಾದಿ ಕೊಟ್ಟ ಪ್ಯಾಸೆಂಜರ್ ಆಕಿ ಒಬ್ಬಾಕಿನ.

೪. ಟಿಕೀಟ ಇಲ್ಲದ ಪ್ಯಾಸೆಂಜರ್

ನಿಧಾನಕ ಕೈ ಕುದುರಿತು. ಮೀಸಿ ತಿರುವಿಕೊಂಡು ಡೇರಿಗೆ ಹಾಲು ಒಯ್ದ್ನಿ. ಡೇರ್ಯಾವ ಮಶಿನ್ನಿಗೆ ಹಾಲು ಹಾಕಿ, ನನ್ನ ಕಡೆ ಓರೆ ನೋಡಿ, ಕಾಕಾ, ಎಮ್ಮಿ ಹಾಲಿಗೆ ಇಷ್ಟ ಕಡಿಮಿ ಫ್ಯಾಟ್ ಹ್ಯಾಂಗ ಬರ್ತೈತಿ, ನೀರಿನ ನಳಾ ಎಮ್ಮಿ ಬಾಜೂಕ ಐತೇನ್ರಿ ಅಂದ. ಸಾಲಿನ್ಯಾಗ ನಿಂತವರೆಲ್ಲಾ ನಕ್ಕರು. ನನಗ ಮೈ ಉರೀತು. ಒಂದ ಟಿಕೀಟಿನ ಕಳವು ಮಾಡದಾವ ನಾನು, ಹಾಲಾಗ ನೀರ ಹಾಕ್ತೀನೇನು?

ಮನಿಗೆ ಬಂದು ಚೀರ್ಯಾಡಿದ್ನಿ. ಮನಿಯಾಕಿ ಕಾಯಿಪಲ್ಯಾ ಹೆಚ್ಚಿಕೋತ, ಹಿಂಡುವಾಗ ಕಡೀ ಹಾಲು ಏನ ಮಾಡ್ತೀರಿ ಅಂತ ಕೇಳಿದ್ಲು. ಕರ ಮಾರಿ ಸಣ್ಣದು ಮಾಡಿಕೊಂಡು ನಿಂತಿರ್ತೈತಿ, ಪಾಪ ಅಂತ ಅದಕ್ಕ ಬಿಡ್ತೀನಿ ಅಂದ್ನಿ.

"ಬೆಣ್ಣಿ ಎಲ್ಲಾ ಇರೂದು ಆ ಕಡೀ ಹಾಲಿನ್ಯಾಗರಿ. ಮೊದಲಿನ ತೆಳ್ಳಂದು ಕರಕ್ಕ ಬಿಡಬೇಕು."

ಗ್ವಾದ್ಲಿಗೆ ಹೋಗಿ ನೋಡಿದ್ರ ಆ ಕರ ಗುಂಡಗ ಕಲ್ಲಂಗಡಿ ಹಣ್ಣಿನಂಗ ಆಗಿತ್ತು. ಬಿರುಬ್ಯಾಸಗ್ಯಾಗೂ ಒಬ್ಬನ್ನ ಫುಕಟ ಕೂಡ್ರಿಸದ ಕಂಡಕ್ಟರ್ ನಾನು. ಇದು ನನ್ನ ಕಣ್ಣ ಮುಂದ ದಿನಾ ಫಸ್ಟ್ ಕ್ಲಾಸಿನ್ಯಾಗ ಫುಕಟ ಹೊಂಟಿತ್ತು.

೫. ಪಾಡ್ಯ

ಪಾಡ್ಯ ಬಂದ ಬಂತು. ಚಂದ್ರಾನ ಮೈ ತೊಳದು ಎಣ್ಣಿ ಹಚ್ಚಿ, ಕೋಡಿಗೆ ಬಣ್ಣ ಬಳದು, ಕೊರಳಾಗ ಕವಡಿ ಸರ, ಕಾಲಿಗೆ ಗೆಜ್ಜಿ ಕಟ್ಟಿದ್ನಿ. ಕೋಡಿನ ತುದೀಗೆ ನವಿಲಗರಿ. ಮದುವಿ ಹೆಣ್ಣಿನಂಗ ಕಾಣಾಕತ್ತಿದ್ಲು. ಗೆದ್ರ ಸದಲಗಾ, ಸೋತ್ರ ಸೀರಿ ಅಂಗಡಿ.

ಅದರಾಗ ಇನ್ನೊಂದು ತೊಡಕು. ನನಗ ಮೋಟರ್ ಸೈಕಲ್ ಹೊಡ್ಯಾಕ ಬರೂದಿಲ್ಲ. ರೈಟ್ ಅಂತ ನಾ ಅನ್ನೂದು, ಹೊಡಿಯಾವ ಬ್ಯಾರೆ, ಹಂಗ ಬದುಕಿದಾವ. ಹಬ್ಬಕ್ಕ ಬಂದ ಅಳಿಯಾರು, ಮಾವಾರ, ನಾ ಹೊಡೀತೀನಿ, ನೀವು ಹಿಂದ ಕೂಡ್ರಿ ಅಂದ್ರು. ಪಂದ್ಯೇದಾಗ ನಾ ಸೋತ್ರ ಅವರಿಗೇ ಲಾಭ, ಆದ್ರೂ ಮನಸ್ಸಿನ್ಯಾಗ ಕಪಟ ಇಲ್ಲ. ಎಮ್ಮಿ ಕರಿಯಾಕ ಅನುಕೂಲ ಆಗಲಿ ಅಂತ ನಾ ಉಲ್ಟಾ ಕುಂತ್ನಿ. ಅಳಿಯಾರ ಬೆನ್ನಿಗೆ ನನ್ನ ಬೆನ್ನು, ಮಾರಿ ಚಂದ್ರಾನ ಕಡೆ.

ಓಣಿಯ ಈ ತುದೀಗೆ ನಾವು, ಆ ತುದೀಗೆ ಲಕ್ಷ್ಮೀ ಗುಡಿ. ಗುಡಿ ಮುಂದ ದೊಡ್ಡ ರಂಗೋಲಿ, ಆರತಿ ತಟ್ಟಿ ಹಿಡಕೊಂಡು ಹೆಣ್ಣಮಕ್ಕಳು, ಅವರ ಮುಂದ ನಮ್ಮ ಮನಿಯಾಕಿ. ನಮಗಿಂತ ಮುಂಚೆ ಬಿಟ್ಟ ಎಮ್ಮಿಗೋಳು ಬಾಲಾ ಎತ್ತಿ ಮಾಲಕರ ಹಿಂದ ಬಾಣದಂಗ ಹೋದ್ವು. ಮಂದಿ ಶಿಳ್ಳಿ ಹೊಡೆದು ಓಣಿ ಎಬ್ಬಿಸಿದ್ರು. ನಮ್ಮ ಪಾಳಿ ಬಂತು.

ಗಾಡಿ ಧಡಧಡ ಅಂತು. ಚಂದ್ರಾ ಮೆಲಕ ಹಾಕ್ಕೋತ ನಿಂತ್ಲು. ಕನ್ನಡದಾಗ ಕರದ್ನಿ, ಮರಾಠಿಯೊಳಗ ಕರದ್ನಿ, ಕೈಯಾಗಿನ ಬೆಲ್ಲ ತೋರಿಸಿದ್ನಿ. ಉಹೂಂ. ಅಳಿಯಾರು ಹುರುಪಿಗೆ ಬಿದ್ದು ಜೋರಾಗಿ ಆಕ್ಸಿಲೇಟರ್ ತಿರುವಿದ್ರು. ನನ್ನ ಎರಡೂ ಕೈ ಚಂದ್ರಾನ ಕಡೆ ಚಾಚಿದ್ವು, ಹಿಡಕೊಳ್ಳಾಕ ಮೂರನೇ ಕೈ ಇದ್ದಿಲ್ಲ. ಗಾಡಿ ಹೋತು. ನಾ ಕಣಕಿ ಬಣವಿ ಬಾಜೂಕ ಕುಂಡಿ ಮ್ಯಾಲ ಬಿದ್ದು ಅಲ್ಲೇ ಉಳದ್ನಿ.

ಅಳಿಯಾರಿಗೆ ಇದು ಗೊತ್ತ ಇಲ್ಲ. ಗುಡಿ ತನಕ ಹೋಗಿ, ಗಾಡಿ ನಿಂದ್ರಿಸಿ, ಗೆದ್ದವರಂಗ ಎರಡೂ ಕೈ ಮ್ಯಾಲ ಎತ್ತಿದ್ರು. ಗೌಡರು ಅವರ ಹಿಂದ ಬಗ್ಗಿ ನೋಡಿ, "ಅಳಿಯಾರ, ಎಮ್ಮಿನೂ ಇಲ್ಲ, ಮಾವಾನೂ ಇಲ್ಲ, ಯಾರನ್ನ ಗೆಲಿಸಿಕೊಂಡು ಬಂದ್ರಿ?" ಅಂದ್ರು. ಓಣಿಗೆ ಓಣಿನ ಹೊಟ್ಟಿ ಹಿಡಕೊಂಡು ನಕ್ಕಿತು.

ಆವಾಗ ನಮ್ಮ ಮನಿಯಾಕಿ ಆರತಿ ತಟ್ಟಿ ಬಾಜೂದಾಕೀ ಕೈಯಾಗ ಕೊಟ್ಟು, ಸೆರಗು ಸೊಂಟಕ್ಕ ಸಿಗಿಸಿ, "ಚಂದ್ರವ್ವಾ, ಬಾ ನನ್ನವ್ವಾ," ಅಂತ ಕರದ್ಲು. ಜೋರಾಗೂ ಅಲ್ಲ, ಊಟಕ್ಕ ಕರದಂಗ.

ಚಂದ್ರಾನ ಕಿವಿ ನೆಟ್ಟಗಾದ್ವು. ಬಾಲಾ ಎತ್ತಿದ್ಲು ನೋಡ್ರಿ. ಗೆಜ್ಜಿ ಝಣಝಣ, ನವಿಲಗರಿ ಹಾರ್ಯಾಡಿ, ನನ್ನ ತಲಿ ಮ್ಯಾಲ ಧೂಳ ಹಾರಿಸಿ ಒಂದ ದೌಡು. ಕನ್ನಡದಾಗ ಕರದ್ರೂ ಬಂದ್ಲು, ಅದು ನನಗಿನ್ನೂ ಉರಿ. ಹೋಗಿ ಮನಿಯಾಕಿ ಎದಿಗೆ ಮೂತಿ ಒತ್ತಿ ನಿಂತ್ಲು. ಆಮ್ಯಾಲ ತಿಳೀತು, ನಾ ಉಂಡು ಮಧ್ಯಾಹ್ನ ಗೊರಕಿ ಹೊಡಿಯೂವಾಗ ಮನಿಯಾಕಿ ದಿನಾ ರೊಟ್ಟಿ ತಿನ್ನಿಸಿ, ಕೊರಳ ತುರಿಸಿ, ಇಬ್ಬರೂ ನನ್ನ ಚಾಡಿ ಮಾತಾಡ್ಕೋತ ಕೂಡ್ರತಿದ್ರಂತ. ಹಗ್ಗ ಮಾತ್ರ ಮುಟ್ಟಿದ್ದಿಲ್ಲ, ಮಾತಿಗೆ ತಪ್ಪಲಿಲ್ಲ.

ನಾ ಧೋತರ ಝಾಡಿಸಿಕೊಂಡು ಗುಡಿ ತನಕ ನಡಕೊಂತ ಹೋದ್ನಿ. ಆ ಎಮ್ಮಿ, ಆ ಕರ, ಮುಂಜಾನಿ ಹಾಲಿನ ಡೇರಿ ಹಾದಿ, ಎಲ್ಲಾ ಬಿಟ್ಟು ಹೋಗೂದಂದ್ರ ಜೀವಾ ಕಿತ್ತಂಗ ಆಗಾಕತ್ತಿತ್ತು. ಆದ್ರೂ ಮಾತು ಮಾತ. ಸೋತ್ನಿ, ನಾಳೆ ಎಮ್ಮಿ ಬಾಜಾರಕ್ಕ ಹೊಡಕೊಂಡು ಹೋಗ್ತೀನಿ ಅಂದ್ನಿ.

ಮನಿಯಾಕಿ ಚಂದ್ರಾನ ಕೊರಳಿಗೆ ಕೈ ಹಾಕಿ ನನ್ನ ಕಡೆ ತಿರುಗಿದ್ಲು. "ನನ್ನ ಎಮ್ಮಿ ಮಾರಾಕ ನೀವ್ಯಾರ್ರಿ? ಮಾತಾಗಿದ್ದು ನಿಮ್ಮ ಎಮ್ಮಿದು. ಇದು ಯಾರ ಕಡೆ ಓಡಿ ಬಂತು, ಊರೆಲ್ಲಾ ನೋಡೈತಿ."

ಗೌಡರು ಹೌದ ಹೌದ ಅಂತ ತಲಿ ಅಲ್ಲಾಡಿಸಿದ್ರು. ನಾ ಸಣ್ಣ ದನಿಯಿಂದ, ಹಂಗಾದ್ರ ಇಚಲಕರಂಜಿಗೆ ನಾ ಒಬ್ಬನ ಹೋಗಬೇಕೇನು ಅಂದ್ನಿ.

ಆಕಿ ನನ್ನ ಮ್ಯಾಲಿಂದ ಕೆಳಗ ನೋಡಿದ್ಲು. ನಗು ತುಟ್ಯಾಗ ಹಿಡಕೊಂಡು, "ಇರ್ರಿ ಇಲ್ಲೇ. ನನ್ನ ಎಮ್ಮಿಗೆ ಒಂದಾಳು ಬೇಕಾಗೈತಿ," ಅಂದ್ಲು.

ಅಳಿಯಾರ ಮುಂದ, ಗೌಡರ ಮುಂದ, ಇಡೀ ಓಣಿ ಮುಂದ ನನ್ನನ್ನ ಆಳು ಅಂದ್ಲು. ನನಗ ಎಷ್ಟು ಖುಷಿ ಆತಂದ್ರ, ನೌಕರಿ ಹತ್ತಿದ ದಿನಾನೂ ಅಷ್ಟಾಗಿದ್ದಿಲ್ಲ. ಡ್ಯೂಟಿ ಯಾವಾಗಿಂದ ಅಂತ ಅಲ್ಲೇ ಕೇಳಿದ್ನಿ.

"ಈಗಿಂದನ," ಅಂದು ಮನಿಯಾಕಿ ಚಂದ್ರಾನ ಹಿಂದ ಬೆರಳು ಮಾಡಿ ತೋರಿಸಿದ್ಲು.

ನೋಡಿದ್ನಿ. ಬಿಸಿ ಬಿಸಿ ಶಗಣಿ, ಗುಡಿ ಮುಂದ, ಬರೋಬ್ಬರಿ ರಂಗೋಲಿ ನಡಕ.