ಅರಸೀಕೆರೆ ಪ್ಲಾಟ್‌ಫಾರಮ್ಮಿನಲ್ಲಿ ನನ್ನ ನಾಯಕತ್ವ

ನಾಯಕತ್ವ ನನಗೆ ಹುಟ್ಟಿನಿಂದಲೇ ಬಂದದ್ದೆಂದು ಬಹುಕಾಲ ನಂಬಿದ್ದೆ. ಐವತ್ತರ ದಶಕದ ಕೊನೆ. ಬೆಂಗಳೂರಿನ ಒಂದು ವ್ಯಾಯಾಮ ಶಿಕ್ಷಕರ ಕಾಲೇಜಿನಲ್ಲಿ ಓದುತ್ತಿದ್ದೆ. 'ಶಿಬಿರ, ಚಾರಣ ಮತ್ತು ನಾಯಕತ್ವ' ಎಂಬ ವಿಷಯವೊಂದು ಪಾಸಾದರೆ, ಹಳೇಬೀಡಿನ ಶಾಲೆಯಲ್ಲಿ ಖಾಲಿಯಿದ್ದ ಡ್ರಿಲ್ ಮೇಷ್ಟ್ರ ಕೆಲಸ ನನ್ನದೇ ಎಂದು ಅಮ್ಮ ಪಕ್ಕದಲ್ಲೇ ಇದ್ದ ನಮ್ಮೂರು ಮಾದಿಹಳ್ಳಿಗೆಲ್ಲ ಸಾರಿಬಿಟ್ಟಿದ್ದಳು.

ಪರೀಕ್ಷೆ ಸುಲಭ. ಹತ್ತು ಜನ ಸಹಪಾಠಿಗಳನ್ನು ರೈಲಿನಲ್ಲಿ ಅರಸೀಕೆರೆಗೆ, ಅಲ್ಲಿಂದ ಬಸ್ಸಿನಲ್ಲಿ ಹಳೇಬೀಡಿನ ಕೆರೆ ದಂಡೆಗೆ ಕರೆದೊಯ್ದು ಡೇರೆ ಹಾಕಿಸಬೇಕು. ನನ್ನದೇ ಸೀಮೆ! ಅಂಕ ಹಾಕಲು ನಮ್ಮ ಮೇಷ್ಟ್ರು ಜೊತೆಗಿದ್ದರು.

ಅರಸೀಕೆರೆ ಬಂತು.

"ಸಾಮಾನು ಇಳಿಸೋಣ್ವೇನೋ?" ಎಂದ ರಂಗಪ್ಪ. ನಮ್ಮಲ್ಲೆಲ್ಲ ಕುಳ್ಳ, ಮಾತು ಕಮ್ಮಿ.

"ಇಂಜಿನ್ ನೀರು ಕುಡಿಯೋಕೇ ಅರ್ಧ ಗಂಟೆ ಬೇಕು ಕಣೋ. ಮೊದಲು ಕಾಫಿ!" ಎಂದು ಅಪ್ಪಣೆ ಕೊಡಿಸಿದೆ.

ಕಾಫಿ ಕುಡಿದ ತಂಡ ಚೆದುರಿಹೋಗಿತ್ತು. ಒಟ್ಟುಗೂಡಿಸಲು ನಾಯಕನಾದ ನಾನು ಎದೆಯುಬ್ಬಿಸಿ ಸೀಟಿ ಊದಿದೆ.

"ಅಯ್ಯೋ, ಗಾಡಿ ಹೊರಡ್ತು!" ಎಂದು ಇಡೀ ಪ್ಲಾಟ್‌ಫಾರಮ್ಮೇ ಕಿರುಚಿತು. ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಜನ ಬೋಗಿಗಳಿಗೆ ನುಗ್ಗಿದರು. ಡೇರೆ, ಹಾಸಿಗೆ ಎಲ್ಲ ಒಳಗೇ ಇದ್ದವಲ್ಲ! ನನ್ನ ಹತ್ತೂ ಮಂದಿ ಅವನ್ನು ಉಳಿಸಲು ನುಗ್ಗಿದರು. "ಇಳೀರೋ!" ಎಂದು ಕೂಗಿ ಮತ್ತೆ ಊದಿದೆ. ನಾನು ಊದಿದಷ್ಟೂ ಜನ ಒತ್ತಿ ಒತ್ತಿ ಹತ್ತಿದರು! ಅಷ್ಟರಲ್ಲಿ ನಿಜವಾದ ಗಾರ್ಡು ನಿಜವಾದ ಸೀಟಿ ಊದಿದ. ಗಾಡಿ ಹೊರಟೇಬಿಟ್ಟಿತು.

ಉಳಿದದ್ದು ನಾನು, ಕಾಫಿ ಲೋಟ ಹಿಡಿದ ಮೇಷ್ಟ್ರು.

"ನಿನ್ನ ತಂಡ ಎಲ್ಲಪ್ಪಾ?"

"ಬಾಣಾವರದ ಕಡೆ ಹೋಗ್ತಿದೆ, ಸಾರ್."



ಮಧ್ಯಾಹ್ನ ಎದುರು ಗಾಡಿಯಲ್ಲಿ ಎಲ್ಲರೂ ವಾಪಸಾದರು. ಮುಂದಿನ ಸ್ಟೇಷನ್ ಬಾಣಾವರದಲ್ಲಿ ಎಲ್ಲರನ್ನೂ ಇಳಿಸಿ, ಡೇರೆಯ ಒಂದು ಗೂಟವನ್ನೂ ಬಿಡದೆ ಹೊರಿಸಿಕೊಂಡು ಬಂದವನು ರಂಗಪ್ಪ.

"ಇವತ್ತು ಒಬ್ಬ ನಾಯಕ ಪಾಸು," ಎಂದರು ಮೇಷ್ಟ್ರು.

"ದೊಡ್ಡ ಉಪಕಾರವಾಯ್ತು ಸಾರ್!" ಎಂದು ಕೈಮುಗಿದೆ.

"ನೀನಲ್ಲ ಕಣೋ!"

ಆ ಜೂನ್‌ನಲ್ಲಿ ಹಳೇಬೀಡಿಗೆ ಹೊಸ ಡ್ರಿಲ್ ಮೇಷ್ಟ್ರು ಬಂದರು. ಶ್ರೀಯುತ ರಂಗಪ್ಪನವರು! ಮೊದಲ ಭಾನುವಾರವೇ ನಮ್ಮ ಮನೆಗೆ ಊಟಕ್ಕೆ ಬಂದರು. ಅಮ್ಮ ಅವರ ಮುದ್ದೆಗೆ ಎರಡು ಸಲ ತುಪ್ಪ ಬಡಿಸಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಊಟ ಮುಗಿದ ಮೇಲೆ ನೋಡಿದಳು.

"ಏನ್ಲಾ, ಸುಮ್ನೆ ಕುಂತಿದೀಯ? ಮೇಷ್ಟ್ರಿಗೆ ಕೈ ತೊಳಿಯಕ್ಕೆ ನೀರು ಹಾಕು. ಅದಾದ್ರೂ ನೆಟ್ಟಗೆ ಮಾಡು!"

ಹಾಕಿದೆ. ಅರ್ಧ ಅವರ ಪಂಚೆಯ ಮೇಲೆ ಬಿತ್ತು.