ಗುಟಕಾ ಬಿಟ್ಟ ನಾನು, ಬಾಯಿ ಬಿಡದ ಆ್ಯಪ್

ನಾನು ಒಳ್ಳೆಯ ಕೆಲಸಕ್ಕೆ ಕೈ ಹಾಕಿದಾಗೆಲ್ಲ ನಗೆಪಾಟಲು ತಪ್ಪಿದ್ದಿಲ್ಲ. ಹಾಗಂತ ನಾನೇನು ಸಣ್ಣ ಆಸಾಮಿಯಲ್ಲ. ಹಿಪ್ಪರಗಿಯಿಂದ ಬನಹಟ್ಟಿಗೆ ಹೋಗಿ, ಅಂಗಡಿಯಲ್ಲಿ ಸತ್ತ ಮೊಬೈಲುಗಳನ್ನು ಎಬ್ಬಿಸಿ ಕೂರಿಸುವವನು. ಇದ್ದ ಕುಂದು ಒಂದೇ, ಗುಟಕಾ. ಲೋಕಾಪುರದಲ್ಲಿ ನನಗೆ ನೋಡಿದ್ದ ಹುಡುಗಿ, ಗುಟಕಾ ತಿನ್ನುವವನು ಬೇಡ ಅಂತ ಮೊದಲೇ ಹೇಳಿಕಳಿಸಿದ್ದಳು. "ಮುಟ್ಟಿಯೇ ಇಲ್ಲ" ಅಂದುಬಿಟ್ಟಿದ್ದೆ. ಈಗ ಬಿಡಬೇಕು, ಬಿಟ್ಟದ್ದು ಯಾರಿಗೂ ತಿಳಿಯಲೂಬಾರದು.

ಮೂರನೆಯ ದಿನ

ದಿನಾ ಟಿಕ್ ಹಾಕಿ ಚಟ ಬಿಡಿಸುವ ಪುಕ್ಕಟೆ ಆ್ಯಪ್ ಹಾಕಿಕೊಂಡೆ. ಅದು ಏನೇನೋ ಕೇಳಿತು, ಓದದೆ ಎಲ್ಲಕ್ಕೂ ಒಪ್ಪಿಗೆ ಒತ್ತಿದೆ. ಮೂರನೆಯ ದಿನ ನನ್ನ ಫೋನಿನ ಅಷ್ಟೂ ನಂಬರಿಗೆ ಸಂದೇಶ ಹೋಯಿತು: "ನಿಮ್ಮ ಗೆಳೆಯ ಗುಟಕಾ ಬಿಟ್ಟು ಮೂರು ದಿನ. ಅಭಿನಂದಿಸಿ!" ಪುಣ್ಯಕ್ಕೆ ಲೋಕಾಪುರದವರ ನಂಬರ್ ಅಪ್ಪನ ಹತ್ತಿರ ಮಾತ್ರ ಇತ್ತು. ಅಪ್ಪ ಹೊಲದಿಂದಲೇ ಫೋನ್ ಮಾಡಿದ.

"ಅಭಿನಂದನೆಪಾ."

"ಏ, ಇರಲಿ ಬಿಡಪಾ."

"ಬಿಟ್ಟ ಮೂರ ದಿನ ಆತಂತ. ಅದಕ್ಕಿಂತ ಮುಂಚೆ ಏನ ಮಾಡ್ತಿದ್ದಿ ಅನ್ನೂದನ್ನ ಮನಿಗೆ ಬಂದ ಹೇಳ."

ಕಾಕುವಿನ ಗುಳಿಗೆ

ಅದನ್ನು ಕಿತ್ತುಹಾಕಿ ಬೇರೆ ಹುಡುಕಿದೆ. ಸಿಕ್ಕಿದ್ದಕ್ಕೆ ಖಾತೆ ಬೇಡ, ಇಂಟರ್ನೆಟ್ ಬೇಡ. ಹಾಕಿದ ಟಿಕ್ ಫೋನು ದಾಟಿ ಹೋಗುವುದಿಲ್ಲ. ನಾನೇ ಮಾಡಿದ್ದೇನೋ ಅನ್ನುವ ಹಾಗೆ ಎದೆ ಉಬ್ಬಿಸಿಕೊಂಡು ಗಿರಾಕಿಗಳಿಗೆಲ್ಲ ಹಾಕಿಕೊಟ್ಟೆ. ಬಿಪಿ ಗುಳಿಗೆ ಮರೆಯುತ್ತಿದ್ದ, ಎಲ್ಲರೂ ಕಾಕು ಅನ್ನುವ ಒಬ್ಬ ಮುದುಕಿಗೂ ಹೇಳಿದೆ:

"ಗುಳಿಗಿ ನುಂಗಿದ ಕೂಡಲೇ ಟಿಕ್ ಹಾಕ್ರಿ. ಎಲ್ಲಾ ನಿಮ್ಮ ಫೋನಿನ್ಯಾಗ ಇರತೈತಿ, ಜಗತ್ತಿನ್ಯಾಗ ಯಾರಿಗೂ ಸಿಗೂದಿಲ್ಲ."

"ನನಗೂ ಸಿಗೂದಿಲ್ಲೋ ತಮ್ಮಾ," ಅಂದಳು. "ಫೋನ್ ಮುಂಜಾನಿಂದ ಸಂಜಿತನಕ ಮೊಮ್ಮಗನ ಕೈಯಾಗ ಇರತೈತಿ."

ಕಬ್ಬಿನ ಫೋಟೋ

ಕನ್ಯೆ ನೋಡಲು ಲೋಕಾಪುರಕ್ಕೆ ಹೋದಾಗ ಮೊದಲಿನ ಮೂರೂ ಸೇರಿ ನಲವತ್ತೊಂದು ಟಿಕ್ ಆಗಿದ್ದವು. ಅವಲಕ್ಕಿ, ಚಹಾ ಮುಗಿಯಿತು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ನಮ್ಮ ಕಬ್ಬಿನ ಎತ್ತರ ತೋರಿಸದೆ ನನಗೆ ಸಮಾಧಾನವಿಲ್ಲ. ಫೋಟೋ ತೆರೆದು ಫೋನನ್ನು ಹುಡುಗಿಯ ಅಪ್ಪನ ಕೈಗೆ ಕೊಟ್ಟೆ. ಆರು ಗಂಟೆಗೆ ಸರಿಯಾಗಿ ಕಬ್ಬಿನ ಮೇಲೆ ಅಕ್ಷರ ಮೂಡಿದವು. ದಿನಾ ಸಂಜೆ ನೆನಪಿಸಲಿ ಅಂತ ಆ್ಯಪ್‌ನಲ್ಲಿ ನಾನೇ ಬರೆದಿಟ್ಟದ್ದು. ಅವರು ಗಟ್ಟಿಯಾಗಿ ಓದಿದರು:

"ಇವತ್ತೂ ಗುಟಕಾ ತಿಂದಿಲ್ಲ ಹೌದಲ್ಲೋ ಮಗನ?"

ಆ್ಯಪ್ ಕೊಟ್ಟ ಮಾತು ಉಳಿಸಿಕೊಂಡಿತ್ತು. ಫೋನು ಕೊಟ್ಟವನು ನಾನು. ಜೊತೆಗೆ ಬಂದಿದ್ದ ನಮ್ಮಪ್ಪ ಗೋಡೆ ನೋಡತೊಡಗಿದ.

"ತಿಂತಿದ್ದೆರಿ. ಸುಳ್ಳ ಹೇಳಿದ್ದೆ. ಬಿಟ್ಟ ನಲವತ್ತೊಂದ ದಿನ ಆತ್ರಿ," ಅಂದೆ.

ಹುಡುಗಿ ಬಾಗಿಲಿಗೆ ಬಂದಳು. ಮುಗಿಯಿತು ಅಂದುಕೊಂಡೆ. ಅವಳು ನೋಡಿದ್ದು ನನ್ನನ್ನಲ್ಲ. "ಅಪ್ಪಾ, ನೀನೂ ಅದನ್ನ ಹಾಕಿಸ್ಕೋ. ನಿನ್ನ ಅಂಗಿ ಮ್ಯಾಲಿನ ಗುಟಕಾ ಕಲೆ ತಿಕ್ಕಿ ತಿಕ್ಕಿ ನನ್ನ ಕೈ ಸವದಾವು."

ಅವರು ತೆಪ್ಪಗೆ ತಮ್ಮ ಫೋನ್ ಕೊಟ್ಟರು. ಹಾಕಿಕೊಟ್ಟೆ. "ಇದರಾಗಿಂದು ಯಾರಿಗೂ ತಿಳಿಯೂದಿಲ್ರಿ," ಅಂದೆ.

ಅವರು ಹತ್ತಿರ ಸರಿದು ಪಿಸುಗುಟ್ಟಿದರು: "ಹಂಗಾರ ತಿಂದ ದಿನಾನೂ ಟಿಕ್ ಹಾಕಿದ್ರ?"

"ಆ್ಯಪ್‌ಗೆ ಗೊತ್ತಾಗೂದಿಲ್ರಿ ಮಾವಾರ. ನಿಮ್ಮ ಅಂಗಿ ಹೇಳತೈತಿ."

ಮದುವೆ ಗೊತ್ತಾಗುವ ಮೊದಲೇ ಮಾವಾರ ಅಂದದ್ದು ಬಾಯಿ ಜಾರಿ. ಬಾಗಿಲ ಕಡೆಯಿಂದ ಹುಡುಗಿಯ ನಗು ಕೇಳಿತು. ತಿದ್ದುವ ದನಿ ಒಂದೂ ಕೇಳಲಿಲ್ಲ.