ಗಾದಿಬಟ್ಟೆಯ ಚೀಲ

ಎಲ್ಲಕ್ಕೂ ಮೂಲ ಆ ಚೀಲ. ಅಂಗಡಿಯಲ್ಲಿ ಸಿಗುವ ಚಾರಣದ ಚೀಲವನ್ನೇ ಕೊಂಡಿದ್ದರೆ ಮುನಾಫನ ಸಂಸಾರದ ಸುದ್ದಿ ದಾವಣಗೆರೆಯಿಂದ ಹರಿಹರದವರೆಗೆ ಹಬ್ಬುತ್ತಿರಲಿಲ್ಲ. ಆದರೆ ಹಳೇಪೇಟೆಯಲ್ಲಿ ಗಾದಿ ಹೊಲಿದು ಬದುಕುವವನಿಗೆ ಚೀಲ ಕೊಳ್ಳುವುದು ಅವಮಾನ ಎನಿಸಿತು. ಮಿಕ್ಕಿದ್ದ ಪಟ್ಟೆಪಟ್ಟೆ ಬಟ್ಟೆಯಲ್ಲಿ ತಾನೇ ಹೊಲಿದುಕೊಂಡ. ಹೊಲಿಗೆಯೇನೋ ಗಟ್ಟಿಯಾಗಿಯೇ ಇತ್ತು, ನೋಡಲು ಮಾತ್ರ ಥೇಟ್ ಸುತ್ತಿ ಕಟ್ಟಿದ ಗಾದಿ.

ಚೀಲದ ಆಸೆ ಹಚ್ಚಿದವಳು ಹರಿಹರದ ಸ್ನೇಹಾ ಮೇಡಂ. ಶಾಲೆಯಲ್ಲಿ ಆಟ ಕಲಿಸುವ ಈಕೆ ವರ್ಷಕ್ಕೊಮ್ಮೆ ತಂಡ ಕಟ್ಟಿಕೊಂಡು ಹಿಮಾಲಯ ಹತ್ತುತ್ತಾಳೆ. ಹಾಸಿಗೆ ಹೊಲಿಸಲು ಬಂದವಳು ಫೋನಿನಲ್ಲಿ ಹಿಮದ ಚಿತ್ರ ತೋರಿಸಿದಳು. ಹುಟ್ಟಿದಾಗಿನಿಂದ ಹಿಂಜಿದ ಹತ್ತಿಯ ರಾಶಿಯಲ್ಲಿ ಕೂತು ಸೀನಿದ ಮುನಾಫ್, ಬೆಟ್ಟದ ತುಂಬ ಅದೇ ಬಿಳುಪು ಕಂಡು ಬೆರಗಾದ. ಇಷ್ಟು ದೊಡ್ಡ ರಾಶಿ, ಯಾರೂ ಹೊಲಿಯಬೇಕಾಗಿಲ್ಲ. ಸಾಯುವುದರೊಳಗೆ ಒಮ್ಮೆ ಅದನ್ನು ಮುಟ್ಟಬೇಕು ಎಂಬ ಆಸೆ ಎದೆಯಲ್ಲಿ ಕೂತುಬಿಟ್ಟಿತು.

"ಮ್ಯಾಲೆ ಉಸಿರು ಸಿಗಲ್ಲ ಮುನಾಫ್ ಅವ್ರೆ. ಬೆರಳು ಕಪ್ಪಾಗಿ ಉದುರಿ ಹೋಗಬಹುದು. ಭ್ರಮೆ ಹಿಡಿದು ದಾರಿ ತಪ್ಪಿದವ್ರೂ ಅದಾರೆ," ಎಂದಳು ಸ್ನೇಹಾ.

"ಅಷ್ಟೆಲ್ಲಾ ಆಗಿ ಹತ್ತಿದ ಮ್ಯಾಲೆ ಏನ್ ಸಿಗ್ತೈತ್ರಿ?"

"ಏನೂ ಸಿಗಲ್ಲ. ಒಂದು ಫೋಟೊ ತೆಗೆಸ್ಕೊಂಡು ಇಳೀಬೇಕು."

ಇಷ್ಟು ನೇರವಾದ ವ್ಯಾಪಾರವನ್ನು ಮುನಾಫ್ ಪೇಟೆಯಲ್ಲಿ ಕಂಡಿರಲಿಲ್ಲ. ಒಪ್ಪಿಕೊಂಡ. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಷರತ್ತು, ಭಾನುವಾರ ಚೀಲದ ತುಂಬ ಮರಳು ಹೊತ್ತು ದಾವಣಗೆರೆಯಿಂದ ಹರಿಹರದ ಹೊಳೆ ಸೇತುವೆಯವರೆಗೆ ಮಧ್ಯಾಹ್ನದೊಳಗೆ ನಡೆದು ಬರಬೇಕು. ಮೋಸವಾಗದಂತೆ ತಂಡದ ಹುಡುಗರು ಬೈಕಿನಲ್ಲಿ ರಸ್ತೆ ಕಾಯುತ್ತಾರೆ.

ಹೆಂಡತಿ ಶಹರ್ಬಾನುಗೆ ಅವನು ಹೇಳಲಿಲ್ಲ. ಜಾಗ ಸಿಕ್ಕ ಮೇಲೆ ಬೈಸಿಕೊಂಡರಾಯಿತು, ಸಿಗದಿದ್ದರೆ ಬೈಗುಳವಾದರೂ ಉಳಿಯಿತು ಎಂಬ ಲೆಕ್ಕ. ಬಸ್ಸಿನ ಆಸೆ ಹುಟ್ಟದಿರಲೆಂದು ಫೋನು, ದುಡ್ಡು ಎರಡನ್ನೂ ಮನೆಯಲ್ಲೇ ಬಿಟ್ಟು ಬೆಳಗಿನ ಜಾವ ಮರಳು ತುಂಬಿದ ಚೀಲ ಹೊತ್ತು ಸದ್ದಿಲ್ಲದೆ ಹೊರಬಿದ್ದ.

ಎದುರುಮನೆಯ ಗಿರಿಯಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. ಆಕೆಯ ಕಣ್ಣು ತಪ್ಪಿಸಿ ಆ ಓಣಿಯಲ್ಲಿ ಬೆಕ್ಕೂ ದಾಟುವುದಿಲ್ಲ.

"ಗಾದಿ ಕಟ್ಕೊಂಡು ಎಲ್ಲಿಗಪ್ಪ?"

"ಹಿಂಗೇ, ಹರಿಹರಕ್ಕೆ."

"ನಡ್ಕೊಂಡಾ?"

"ಹೂಂ. ಶಹರ್ಬಾನುಗೆ ಮಾತ್ರ ಹೇಳಬ್ಯಾಡ್ರಿ."

ಗಿರಿಯಮ್ಮ ಕೊಡವನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಮುನಾಫ್ ಹಾಸಿಗೆ ಸುತ್ತಿಕೊಂಡು ಮನೆ ಬಿಟ್ಟ ಎಂಬ ಸುದ್ದಿ ಅವನಿಗಿಂತ ಮುಂಚೆ ಹರಿಹರಕ್ಕೆ ಹೋಗುವ ಪಿ.ಬಿ. ರಸ್ತೆ ಮುಟ್ಟಿತು.

ರಸ್ತೆಯಲ್ಲಿ ಗುರುತಿನವರೆಲ್ಲ ಗಾಡಿ ನಿಲ್ಲಿಸತೊಡಗಿದರು. ಹದಡಿಯ ಹಾಲಿನವನು ಕ್ಯಾನು ಸರಿಸಿ "ಬರ್ರಿ, ಕೂಡ್ರಿ" ಎಂದ. ನೀರಿನ ಟ್ಯಾಂಕರಿನವನೂ ಎಂದ. ಮುನಾಫ್ ಬ್ಯಾಡ ಬ್ಯಾಡ ಎಂದಷ್ಟೂ ಅವರ ಕರುಣೆ ಹೆಚ್ಚಿತು. "ಪಾಪ, ಭಾಳ ನೊಂದಾನೆ" ಎನ್ನುತ್ತ ಮುಂದೆ ಹೋದರು.

ಊರು ದಾಟುವಷ್ಟರಲ್ಲಿ ಮೊಪೆಡ್ಡಿನಲ್ಲಿ ಹಯಾತ್ ಸಾಬ್ ಬಂದರು. ಓಣಿಯ ಗಂಡ-ಹೆಂಡಿರ ಜಗಳವೆಲ್ಲ ಬಗೆಹರಿಯುವುದು ಈ ಹಿರಿಯರ ಜಗುಲಿಯ ಮೇಲೆ.

"ಏನೋ ಇದು, ಗಂಟು ಕಟ್ಕೊಂಡು?"

"ಚಾಚಾ, ನೀವು ತಿಳ್ಕೊಂಡಂಗಲ್ಲ. ನಾನು ಹಿಮಾಲಯಕ್ಕೆ ಹೋಗ್ಬೇಕು."

ಹಯಾತ್ ಸಾಬರು ಮೊಪೆಡ್ ಆಫ್ ಮಾಡಿದರು. "ಇಷ್ಟು ಸಣ್ಣ ಜಗಳಕ್ಕೆ ಹಿಮಾಲಯಾನಾ? ನಮ್ಮ ಖಾಂದಾನಿನಾಗೆ ಸಿಟ್ಟು ಬಂದ್ರೆ ಭಾಳ ಅಂದ್ರೆ ಹುಬ್ಬಳ್ಳಿ ತನಕ ಹೋಗ್ಯಾರೆ."

ಗಂಟಿದ್ದರೆ ತಾನೆ ಹೋಗುವುದು ಎಂದು ಚೀಲ ಕಿತ್ತು ಮೊಪೆಡ್ಡಿಗೆ ಹೇರಿ ಮನೆಯ ಕಡೆ ತಿರುಗಿಸಿದರು. ಮುನಾಫ್ ಹಿಂದೆ ಓಡಿ, ಸೋತು, ಮೈಲಿಗಲ್ಲಿನ ಮೇಲೆ ಕೂತ. ಮೇಡಂ ಕಾಲು ಹಿಡಿದಾದರೂ ಜಾಗ ಕೇಳೋಣವೆಂದು ಬರಿಬೆನ್ನಲ್ಲೇ ಮುಂದೆ ಹೊರಟ.

ಅರ್ಧ ದಾರಿಯಲ್ಲಿ ಹರಿಹರದಿಂದ ಹೆಂಡತಿಯ ತಮ್ಮ ಸುಫಿಯಾನ್ ಬೈಕಿನಲ್ಲಿ ಎದುರಾದ. ಮಾತಿಗೆ ಅವಕಾಶ ಕೊಡದೆ "ಕೂಡ್ರಿ ದುಲ್ಹೇಭಾಯ್" ಎಂದು ಹತ್ತಿಸಿಕೊಂಡು ಹರಿಹರದ ತನ್ನ ಮನೆಗೇ ಒಯ್ದ. ಅಲ್ಲಿ ಅತ್ತೆ ಖತೀಜಾಬೀ ಬಿರಿಯಾನಿಗೆ ದಮ್ ಕೊಟ್ಟು ಅಳುತ್ತ ಕೂತಿದ್ದಳು.

"ನಮ್ಮ ಹುಡುಗಿ ಬಾಯಿ ಜೋರು, ಗೊತ್ತೈತಪ್ಪ. ನಾವೆಲ್ಲಾ ಇಲ್ಲೇ ಊರಾಗ ಇದ್ದು ಸಹಿಸ್ಕೊಂಡಿಲ್ಲಾ?" ಎಂದು ಅಳಿಯನ ಬೂಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಎರಡನೆಯ ಸಲ ಬಡಿಸಲು ಆಕೆ ಒಳಗೆ ಹೋದಾಗ ಮುನಾಫ್ ಅತ್ತೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಹಿತ್ತಲಿನಿಂದ ಪರಾರಿಯಾದ.

ಸೇತುವೆಯ ಬಳಿ ಜನ ಚಪ್ಪಾಳೆ ತಟ್ಟುತ್ತಿದ್ದರು. ನಡುವೆ ಪಟ್ಟೆಪಟ್ಟೆಯ ಚೀಲ ಕಂಡಿತು. ಚೀಲದ ಕೆಳಗೆ ಶಹರ್ಬಾನು ಇದ್ದಳು.

ಆದದ್ದಿಷ್ಟು. ಹಯಾತ್ ಸಾಬರು ಚೀಲ ತಂದಿಟ್ಟು, ನಿನ್ನ ಗಂಡ ನಿನ್ನ ಕಾಟಕ್ಕೆ ಹಿಮಾಲಯಕ್ಕೆ ಹೋದ ಎಂದರು. ಆ ಚೀಲವನ್ನು ಅವನ ಮೇಲೇ ಎಸೆದು ಬರುತ್ತೇನೆಂದು ಅವಳು ಬೆನ್ನಿಗೇರಿಸಿ ಹೊರಟಳು. ಬಸ್ಸಿನಲ್ಲಿ ಕೂತರೆ ಗಾಳಿಗೆ ಸಿಟ್ಟು ಆರಿಹೋಗುತ್ತದೆಂದು ನಡೆದೇ ಬಂದಳು. ಆ ಮುಖ ನೋಡಿ ಒಬ್ಬರೂ ಗಾಡಿ ನಿಲ್ಲಿಸಲಿಲ್ಲ. ಗಂಡ ಸೇತುವೆಗೇ ಬರುತ್ತಾನೆಂದು ರಸ್ತೆ ಕಾಯುವ ಹುಡುಗರಿಂದ ತಿಳಿಯಿತು.

"ಚೀಲ ಎಲ್ಲೂ ಇಳಿಸಿಲ್ಲ, ನಮ್ಮ ಹುಡುಗ್ರು ನೋಡ್ಯಾರೆ. ಜಾಗ ಇವ್ರದ್ದೇ," ಎಂದಳು ಸ್ನೇಹಾ.

"ಆ ಚೀಲ ನಂದ್ರಿ ಮೇಡಂ," ಎಂದು ಮುನಾಫ್ ಅಂಗಲಾಚಿದ.

"ಚೀಲ ನಿಮ್ದು, ಬೆನ್ನು ಅವ್ರದ್ದು."

ಶಹರ್ಬಾನು ಗಂಡನ ಕಾಲಿನಲ್ಲಿದ್ದ ತನ್ನ ತಾಯಿಯ ಚಪ್ಪಲಿಯನ್ನೊಮ್ಮೆ ನೋಡಿದಳು. ಆಮೇಲೆ ಸ್ನೇಹಾಳ ಕಡೆ ತಿರುಗಿದಳು. "ಅಲ್ಲಿ ಏನೈತ್ರಿ?"

"ಏನೂ ಇಲ್ಲ. ಬರೇ ಹಿಮ."

"ಒಲೆ?"

"ಇಲ್ಲ."

"ಓಣಿಯವ್ರು?"

"ಒಬ್ರೂ ಇಲ್ಲ."

"ಹಂಗಾದ್ರೆ ನಾನು ಬರ್ತೀನಿ."

ಅವಳ ಮುಖದಲ್ಲಿ ಮದುವೆಯಾದಾಗಿನಿಂದ ಕಾಣದ ನಗುವೊಂದು ಅರಳಿತು. ಮುನಾಫನಿಗೆ ಹೊಟ್ಟೆ ಉರಿಯಿತು. ಆದರೂ ಆ ನಗು ನೋಡಿ ಬೇಡ ಅನ್ನಲು ಮನಸ್ಸು ಬರಲಿಲ್ಲ.

"ನಿಮಗೊಂದು ಹಿಡಿ ಹಿಮ ತರ್ತೀನಿ ಕಣ್ರಿ," ಎಂದಳು.

"ಕರಗಿ ಹೋಗ್ತೈತೆ," ಎಂದ ಮುನಾಫ್.

ಭಾವನನ್ನು ಹುಡುಕಿಕೊಂಡು ಬಂದ ಸುಫಿಯಾನ್ ದಣಿದ ಅಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ದಾವಣಗೆರೆಗೆ ಹೊರಟ. ಚೀಲಕ್ಕೆ ಅದರಲ್ಲಿ ಜಾಗವಿರಲಿಲ್ಲ, ಮುನಾಫನಿಗೂ ಇರಲಿಲ್ಲ. ಮುಂದಿನ ತಾಲೀಮಿಗೆ ಮರಳು ಬೇಕು, ಚೆಲ್ಲಬ್ಯಾಡ್ರಿ ಎಂದು ಹೆಂಡತಿ ಹೇಳಿ ಹೋಗಿದ್ದಳು. ಜೇಬಿನಲ್ಲಿ ದುಡ್ಡಿಲ್ಲ. ಚೀಲ ಬೆನ್ನಿಗೇರಿಸಿ, ಅತ್ತೆಯ ಚಪ್ಪಲಿ ಎಳೆಯುತ್ತ ನಡೆದ.

ಹಾಲಿನವನು ಎದುರಾಗಿ ಕೈಬೀಸಿ ಹೋದ. ಟ್ಯಾಂಕರು ಹಾರ್ನ್ ಹೊಡೆದು ಹೋಯಿತು. ಮುನಾಫನಿಗೆ ನಡೆಯುವ ಹುಚ್ಚು, ಯಾರೂ ಅಡ್ಡಿ ಮಾಡಬಾರದು ಎಂಬ ಸುದ್ದಿ ಅಷ್ಟರಲ್ಲಿ ರಸ್ತೆಯುದ್ದಕ್ಕೂ ಮುಟ್ಟಿತ್ತು. ಹಯಾತ್ ಸಾಬರ ಮೊಪೆಡ್ ಕಂಡು ಅವನು ಎರಡೂ ಕೈ ಎತ್ತಿ ಅಡ್ಡ ನಿಂತ. ಅವರು ಸುತ್ತಿ ದಾಟಿಕೊಂಡು, "ಮಾಫ್ ಮಾಡಪ್ಪ, ಬೆಳಿಗ್ಗೆ ತಿಳೀಲಿಲ್ಲ. ನಡಿ, ನಡಿ," ಎಂದು ಹೋಗಿಯೇ ಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಕುಂಟುತ್ತ ಓಣಿ ಸೇರಿದ. ಗಿರಿಯಮ್ಮ ಬಾಗಿಲಲ್ಲೇ ಇದ್ದಳು.

"ಬಂದ್ಯಾ? ಹೆಂಡ್ತಿ ಹಿಮಾಲಯಕ್ಕೆ ಹೊಂಟಾಳಂತೆ," ಎಂದು ದನಿ ತಗ್ಗಿಸಿ ಹತ್ತಿರ ಬಂದಳು. "ಪಾಪದ ಹೆಣ್ಣು. ಅಂಥಾದ್ದು ಏನ್ ಮಾಡಿದ್ಯಪ್ಪ ನೀನು?"